ಹ್ಯಾನ್ಸಾರ್ಡ್ ಜಾಲತಾಣದ ವಿಮರ್ಶೆ: 38 ದಿನಗಳ ಹಣಕಾಸು ಸಚಿವರನ್ನು ಕಡತದಲ್ಲಿ ಹುಡುಕಿದಾಗ

ಬ್ರಿಟಿಷ್ ಸಂಸತ್ತಿನ ಎರಡೂ ಸದನಗಳ ನಡಾವಳಿಯ ಅಧಿಕೃತ ವರದಿಗೆ ಹ್ಯಾನ್ಸಾರ್ಡ್ ಎಂದು ಹೆಸರು. ಆ ವರದಿಯನ್ನು ಯಾವ ದೇಶದಲ್ಲಿರುವವರಿಗೂ ಉಚಿತವಾಗಿ, ಖಾತೆ ತೆರೆಯುವ ಗೋಜಿಲ್ಲದೆ ಓದಲು ಕೊಡುವ ಜಾಲತಾಣವನ್ನು ಅಲ್ಲಿನ ಸಂಸತ್ತೇ ನಡೆಸುತ್ತಿದೆ. ಮೊಬೈಲ್ ಫೋನು, ಹೋಟೆಲು, ಬಟ್ಟೆ ಅಂಗಡಿಗಳ ವಿಮರ್ಶೆ ನಮಗೆ ರೂಢಿಯಾಗಿದೆ. ತೆರಿಗೆ ಹಣದಲ್ಲಿ ನಡೆಯುವ ಇಂಥ ಸೇವೆಗಳನ್ನು ಮಾತ್ರ ಹೊಗಳಿ ಬಿಡುತ್ತೇವೆ ಇಲ್ಲವೇ ಬೈದು ಬಿಡುತ್ತೇವೆ, ಬಳಸಿ ನೋಡಿ ಗುಣದೋಷ ಹೇಳುವುದು ಕಡಿಮೆ. ಈ ಸೇವೆಯನ್ನು ಒರೆಗೆ ಹಚ್ಚಲು ನಾನು ಆರಿಸಿಕೊಂಡದ್ದು ಒಬ್ಬ ರಾಜಕಾರಣಿಯ ವೃತ್ತಿಜೀವನವನ್ನು. 2022ರ ಸೆಪ್ಟೆಂಬರ್ 6ರಂದು ಬ್ರಿಟನ್ನಿನ ಹಣಕಾಸು ಸಚಿವರಾಗಿ, ಅಕ್ಟೋಬರ್ 14ರಂದು ಹುದ್ದೆ ಕಳೆದುಕೊಂಡ ಕ್ವಾಸಿ ಕ್ವಾರ್ಟೆಂಗ್ ಅವರು ಆ ರಾಜಕಾರಣಿ. ಅವರಿಗಿಂತ ಕಡಿಮೆ ಅವಧಿಗೆ ಆ ಹುದ್ದೆಯಲ್ಲಿದ್ದವರು ಆಧುನಿಕ ಕಾಲದಲ್ಲಿ ಇಯಾನ್ ಮೆಕ್ಲಿಯಡ್ ಒಬ್ಬರೇ, ಮತ್ತು ಅವರು 1970ರ ಜುಲೈನಲ್ಲಿ ಅಧಿಕಾರದಲ್ಲಿದ್ದಾಗಲೇ ಹೃದಯಾಘಾತದಿಂದ ತೀರಿಕೊಂಡವರು.

ಕನ್ನಡ ಓದುಗರಿಗೆ ಈ ಹೆಸರು ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ದೂರವಿಲ್ಲ. ಇವರ ಕ್ರಮಗಳ ಪರಿಣಾಮವಾಗಿ ಗೃಹಸಾಲದ ಬಡ್ಡಿ ಏರಿದಾಗ ಅದರ ಬಿಸಿ ಲಂಡನ್, ಸ್ಲೌ, ರೆಡಿಂಗ್ ಕಡೆ ಮನೆ ಕೊಂಡಿದ್ದ ನಮ್ಮವರಿಗೂ ತಟ್ಟಿತು. ಇವರ ಪಕ್ಷದ ನಾಯಕತ್ವದ ಚುನಾವಣೆಯಲ್ಲಿ ಇದೇ ನೀತಿಯ ವಿರುದ್ಧ ಎಚ್ಚರಿಸಿ ಸೋತವರು, ಕೆಲವೇ ವಾರಗಳಲ್ಲಿ ಪ್ರಧಾನಿಯಾದವರು ರಿಷಿ ಸುನಕ್, ಅಂದರೆ ನಾರಾಯಣ ಮೂರ್ತಿ ಮತ್ತು ಸುಧಾ ಮೂರ್ತಿ ಅವರ ಅಳಿಯ. ಆ ದಿನಗಳಲ್ಲಿ ನಮ್ಮ ಪತ್ರಿಕೆಗಳು ಅಳಿಯನ ಕಥೆಯನ್ನು ಪುಟಗಟ್ಟಲೆ ಬರೆದವು; ಅಳಿಯನ ದಾರಿ ತೆರೆದುಕೊಟ್ಟ ಸಚಿವರ ಬಗ್ಗೆ ಒಂದೆರಡು ಸಾಲು ಬರೆದು ಮುಂದೆ ಹೋದವು.

ಮೊದಲು ಸೇವೆಯ ಸ್ವರೂಪವನ್ನು ಹೇಳಿಬಿಡುತ್ತೇನೆ. ಸದನದಲ್ಲಿ ಒಬ್ಬರು ಮಾತನಾಡಿದ ಸುಮಾರು ಮೂರು ಗಂಟೆಯೊಳಗೆ ಆ ಮಾತಿನ ಮೊದಲ ರೂಪ ಜಾಲತಾಣಕ್ಕೆ ಏರುತ್ತದೆ. ವರದಿ ಪದಕ್ಕೆ ಪದ ಒಪ್ಪಿಸಿದ್ದಲ್ಲ. ಅನಗತ್ಯ ಪುನರುಕ್ತಿಯನ್ನು ತೆಗೆದು, ಎದ್ದು ಕಾಣುವ ತಪ್ಪುಗಳನ್ನು ತಿದ್ದಿ, ಹೇಳಿದ ಅರ್ಥಕ್ಕೆ ಏನನ್ನೂ ಕೂಡಿಸದೆ ಕಳೆಯದೆ ಕೊಡುವುದು ಅಲ್ಲಿನ ವರದಿಗಾರರ ನಿಯಮ. 1803ರಲ್ಲಿ ವಿಲಿಯಂ ಕಾಬೆಟ್ ಎಂಬ ಪತ್ರಕರ್ತ ಆರಂಭಿಸಿ, ಮುಂದೆ ಮುದ್ರಕ ಥಾಮಸ್ ಹ್ಯಾನ್ಸಾರ್ಡ್ ಅವರ ಕೈಗೆ ಬಂದ ಈ ಪ್ರಕಟಣೆಯನ್ನು 1909ರಲ್ಲಿ ಸಂಸತ್ತು ತನ್ನದೇ ಸಿಬ್ಬಂದಿಯ ಕೆಲಸವನ್ನಾಗಿ ಮಾಡಿಕೊಂಡಿತು. ಇಂದು ಜಾಲತಾಣದಲ್ಲಿ ದಿನಾಂಕ, ಸದನ, ಪದ ಅಥವಾ ಸದಸ್ಯರ ಹೆಸರು ಕೊಟ್ಟು ಹುಡುಕಬಹುದು. ಒಬ್ಬ ಸದಸ್ಯರ ಹೆಸರನ್ನು ಒತ್ತಿದರೆ ಅವರು ಆಡಿದ ಮಾತುಗಳೆಲ್ಲ ಕಾಲಾನುಕ್ರಮದಲ್ಲಿ ತೆರೆದುಕೊಳ್ಳುತ್ತವೆ, ಮತ್ತು ಪ್ರತಿಯೊಂದು ಮಾತಿಗೂ ಪ್ರತ್ಯೇಕ ಕೊಂಡಿಯಿದೆ. ಯಾರಾದರೂ 'ನಾನು ಹಾಗೆ ಹೇಳಲೇ ಇಲ್ಲ' ಎಂದರೆ ಆ ಸಾಲಿಗೇ ಕೊಂಡಿ ಕೊಟ್ಟು ಬಾಯಿ ಮುಚ್ಚಿಸಬಹುದಾದ ಅನುಕೂಲ ಸಣ್ಣದಲ್ಲ.

ಕ್ವಾರ್ಟೆಂಗ್ ಅವರ ವೃತ್ತಿಯನ್ನು ಈ ಪಟ್ಟಿಯಲ್ಲಿ ಮೇಲಿಂದ ಕೆಳಗೆ ನೋಡುವಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಮಾತಲ್ಲ, ಮಾತಿನ ತಲೆಯ ಮೇಲಿರುವ ಹೆಸರಿನ ಸಾಲು. ಸಾಮಾನ್ಯ ಸದಸ್ಯರು ಮಾತನಾಡಿದಾಗ ಹ್ಯಾನ್ಸಾರ್ಡ್ ಅವರ ಹೆಸರು, ಆವರಣದಲ್ಲಿ ಕ್ಷೇತ್ರ, ಇನ್ನೊಂದು ಆವರಣದಲ್ಲಿ ಪಕ್ಷ ಎಂದು ಬರೆಯುತ್ತದೆ. ಸಚಿವರು ಮಾತನಾಡಿದರೆ ಕ್ರಮ ತಿರುಗುಮುರುಗಾಗುತ್ತದೆ: ಮೊದಲು ಹುದ್ದೆ, ಆವರಣದೊಳಗೆ ವ್ಯಕ್ತಿಯ ಹೆಸರು, ಕ್ಷೇತ್ರ ಮತ್ತು ಪಕ್ಷ ಮಾಯವಾಗುತ್ತವೆ. 2010ರಲ್ಲಿ 'ಸ್ಪೆಲ್‌ಥಾರ್ನ್, ಕನ್ಸರ್ವೇಟಿವ್' ಎಂಬ ಗುರುತಿನೊಂದಿಗೆ ಬಂದವರು ಎಂಟು ವರ್ಷ ಅದೇ ಗುರುತಿನಲ್ಲಿ ಉಳಿಯುತ್ತಾರೆ. 2018ರ ನವೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟದಿಂದ ನಿರ್ಗಮನದ ಇಲಾಖೆಯ ಕಿರಿಯ ಸಚಿವರಾಗುತ್ತಾರೆ. 2019ರ ಜುಲೈಯಿಂದ ವಾಣಿಜ್ಯ ಮತ್ತು ಇಂಧನದ ರಾಜ್ಯ ಸಚಿವ. 2021ರ ಜನವರಿಯಿಂದ ಅದೇ ಇಲಾಖೆಯ ಸಂಪುಟ ದರ್ಜೆ ಸಚಿವ. 2022ರ ಸೆಪ್ಟೆಂಬರ್‌ನಲ್ಲಿ ಹಣಕಾಸು ಸಚಿವ. ಆಮೇಲೆ ಮತ್ತೆ 'ಸ್ಪೆಲ್‌ಥಾರ್ನ್, ಕನ್ಸರ್ವೇಟಿವ್'. ಹದಿನಾಲ್ಕು ವರ್ಷಗಳ ಏರಿಳಿತವನ್ನು ಆವರಣ ಚಿಹ್ನೆಗಳೇ ಹೇಳಿಬಿಡುತ್ತವೆ.

ಆದರೆ ವ್ಯಕ್ತಿ ಯಾರು ಎಂಬುದು ಇಲ್ಲಿ ಸಿಗುವುದಿಲ್ಲ. 1960ರ ದಶಕದಲ್ಲಿ ವಿದ್ಯಾರ್ಥಿಗಳಾಗಿ ಘಾನಾದಿಂದ ಬಂದ ತಂದೆತಾಯಿಗೆ 1975ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು, ವಿದ್ಯಾರ್ಥಿವೇತನದ ಮೇಲೆ ಈಟನ್ ಶಾಲೆಯಲ್ಲಿ ಓದಿದವರು, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಪ್ರಾಚೀನ ಭಾಷೆಗಳನ್ನೂ ಇತಿಹಾಸವನ್ನೂ ಅಭ್ಯಾಸ ಮಾಡಿದವರು, 1995ರಲ್ಲಿ ಬಿಬಿಸಿಯ ವಿಶ್ವವಿದ್ಯಾಲಯಗಳ ರಸಪ್ರಶ್ನೆ ಸ್ಪರ್ಧೆ ಗೆದ್ದ ತಂಡದಲ್ಲಿದ್ದವರು, 2005ರಲ್ಲಿ ಬ್ರೆಂಟ್ ಈಸ್ಟ್ ಕ್ಷೇತ್ರದಲ್ಲಿ ಚುನಾವಣೆಗೆ ನಿಂತು ಸೋತವರು ಎಂಬ ಸಂಗತಿಗಳನ್ನೆಲ್ಲ ಬೇರೆ ಕಡೆಯಿಂದ ತರಬೇಕು. ಅವರ ಡಾಕ್ಟರೇಟ್ ಪ್ರಬಂಧದ ವಿಷಯವನ್ನಂತೂ ಬಿಡುವಂತಿಲ್ಲ: 1695ರಿಂದ 97ರವರೆಗಿನ ನಾಣ್ಯ ಬಿಕ್ಕಟ್ಟು. ಅಂಚು ಕತ್ತರಿಸಿ ಹಗುರಾಗಿದ್ದ ಬೆಳ್ಳಿ ನಾಣ್ಯಗಳನ್ನು ಸರ್ಕಾರ ಹಿಂದಕ್ಕೆ ಪಡೆದು ಹೊಸದಾಗಿ ಟಂಕಿಸಲು ಹೊರಟಾಗ ಎದ್ದ ಗೊಂದಲ ಅದು. ಹಣದ ಮೇಲಿನ ನಂಬಿಕೆ ಹೇಗೆ ಅಲುಗಾಡುತ್ತದೆ ಎಂಬುದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರ ಕೈಯಲ್ಲೇ ಪೌಂಡ್ ಅಲುಗಾಡಿತು. ವಿದ್ವತ್ತಿಗೂ ವಿವೇಕಕ್ಕೂ ಇರುವ ಅಂತರ ನಮಗೆ ಹೊಸದೇನಲ್ಲ ಬಿಡಿ.

ಸಚಿವ ಹುದ್ದೆಯಿಲ್ಲದೆ ಸದನದ ಹಿಂದಿನ ಸಾಲಿನ ಬೆಂಚಿನಲ್ಲಿ ಕುಳಿತಿದ್ದ ವರ್ಷಗಳ ಪುಟಗಳನ್ನು ಬೇಗ ದಾಟಬಹುದು. ಸ್ಪೆಲ್‌ಥಾರ್ನ್ ಕ್ಷೇತ್ರ ಹೀಥ್ರೂ ವಿಮಾನ ನಿಲ್ದಾಣದ ದಕ್ಷಿಣಕ್ಕೆ ಅಂಟಿಕೊಂಡಿದೆ. ಸ್ಟೇನ್ಸ್, ಆಶ್‌ಫರ್ಡ್, ಸನ್‌ಬರಿ ಅಲ್ಲಿನ ಊರುಗಳು. ಬೆಂಗಳೂರಿನಿಂದ ಹೀಥ್ರೂಗೆ ಹೋಗಿ ಇಳಿದವರೆಲ್ಲ ಆ ಕ್ಷೇತ್ರದ ಅಂಚನ್ನು ಮುಟ್ಟಿ ಬಂದವರೇ. ನಂತರ ಹಣಕಾಸು ಸಚಿವ ಫಿಲಿಪ್ ಹ್ಯಾಮಂಡ್ ಅವರ ಸಂಸದೀಯ ಸಹಾಯಕರಾಗಿದ್ದ ಅವಧಿಯೂ ಇದೆ. ಮಂತ್ರಿಗಳ ಸಹಾಯಕರು ತಮ್ಮ ಇಲಾಖೆಯ ವಿಷಯದಲ್ಲಿ ಬಾಯಿ ಬಿಡಬಾರದು ಎಂಬುದು ಅಲ್ಲಿನ ಸಂಪ್ರದಾಯವಾದ್ದರಿಂದ, ಖಜಾನೆಯನ್ನು ಒಳಗಿನಿಂದ ನೋಡುತ್ತಿದ್ದ ಆ ದಿನಗಳಲ್ಲಿ ಅವರು ಏನು ಕಲಿತರು ಎಂಬುದಕ್ಕೆ ಇಲ್ಲಿ ಸಾಕ್ಷ್ಯವಿಲ್ಲ.

ಇಂಧನ ಇಲಾಖೆಯ ಪುಟಗಳು ಹೆಚ್ಚು ಗಟ್ಟಿ. 2021ರ ಸೆಪ್ಟೆಂಬರ್‌ನಲ್ಲಿ ಅನಿಲದ ಸಗಟು ಬೆಲೆ ಗಗನಕ್ಕೇರಿ, ಸಣ್ಣ ವಿದ್ಯುತ್ ಮಾರಾಟ ಕಂಪನಿಗಳು ಒಂದರ ಹಿಂದೆ ಒಂದು ಮುಚ್ಚುತ್ತಿದ್ದಾಗ ಅವರು ಸದನಕ್ಕೆ ಕೊಟ್ಟ ಹೇಳಿಕೆಯನ್ನು ಓದಬೇಕು. ದೀಪ ಆರುವ ಪ್ರಶ್ನೆಯೇ ಇಲ್ಲ, ಜನ ಮನೆಯನ್ನು ಬೆಚ್ಚಗಿಟ್ಟುಕೊಳ್ಳಲಾಗದ ಸ್ಥಿತಿ ಬರುವುದಿಲ್ಲ ಎಂದು ಅವರು ಭರವಸೆ ಕೊಡುತ್ತಾರೆ, ಎರಡೂ ಕಡೆಯ ಸದಸ್ಯರ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರಿಸುತ್ತಾರೆ. ಉತ್ತರಗಳು ಚುಟುಕು, ಧ್ವನಿ ಆತ್ಮವಿಶ್ವಾಸದ್ದು. ಹ್ಯಾನ್ಸಾರ್ಡ್‌ನ ದೊಡ್ಡ ಗುಣ ಇಂಥಲ್ಲಿ ಕಾಣುತ್ತದೆ. ದೂರದರ್ಶನದ ತುಣುಕಿನಲ್ಲಿ ನಮಗೆ ಸಿಗುವುದು ಒಂದು ಚಮತ್ಕಾರದ ವಾಕ್ಯ. ಇಲ್ಲಿ ಅದರ ಹಿಂದಿನ ಪ್ರಶ್ನೆ, ಮುಂದಿನ ಪ್ರಶ್ನೆ, ಪ್ರಶ್ನೆಯನ್ನು ತಪ್ಪಿಸಿಕೊಂಡ ಬಗೆ ಎಲ್ಲವೂ ಸಾಲಾಗಿ ಉಳಿದಿರುತ್ತವೆ. ಸಚಿವರು ತಮಗೆ ಗೊತ್ತಿರುವ ವಿಷಯದಲ್ಲಿ ಹೇಗೆ ಮಾತನಾಡುತ್ತಾರೆ, ಗೊತ್ತಿಲ್ಲದ್ದರಲ್ಲಿ ಹೇಗೆ ಎಂಬುದನ್ನು ಬೇರ್ಪಡಿಸಿ ನೋಡಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಕಂಡಿಲ್ಲ.

ಈಗ 2022ಕ್ಕೆ ಬರೋಣ. ಆ ವರ್ಷದ ಜುಲೈನಲ್ಲಿ ಬೋರಿಸ್ ಜಾನ್ಸನ್ ಪದತ್ಯಾಗ ಘೋಷಿಸಿದ ಮೇಲೆ ನಡೆದ ಪಕ್ಷದ ಚುನಾವಣೆಯಲ್ಲಿ ಲಿಜ್ ಟ್ರಸ್ ಮತ್ತು ರಿಷಿ ಸುನಕ್ ಕೊನೆಯ ಇಬ್ಬರಾಗಿ ಉಳಿದರು. ಸಾಲ ಮಾಡಿ ತೆರಿಗೆ ಇಳಿಸಿದರೆ ಹಣದುಬ್ಬರವೂ ಬಡ್ಡಿಯೂ ಏರುತ್ತವೆ ಎಂದು ಸುನಕ್ ಟಿ.ವಿ. ಚರ್ಚೆಗಳಲ್ಲಿ ಪದೇಪದೇ ಹೇಳಿದರು. ಪಕ್ಷದ ಸದಸ್ಯರಲ್ಲಿ ಮತ ಹಾಕಿದವರ ಪೈಕಿ 57.4 ಶೇಕಡಾ ಮಂದಿ ಟ್ರಸ್ ಅವರನ್ನು ಆರಿಸಿದರು. ಈ ಇಡೀ ವಾಗ್ವಾದ ನಡೆದದ್ದು ಸದನದ ಹೊರಗೆ, ಬಹುಮಟ್ಟಿಗೆ ಸಂಸತ್ತಿನ ಬೇಸಿಗೆ ಬಿಡುವಿನಲ್ಲಿ. ಆದ್ದರಿಂದ ಹ್ಯಾನ್ಸಾರ್ಡ್‌ನಲ್ಲಿ ಅದರ ಸುಳಿವಿಲ್ಲ. ಟ್ರಸ್ ಪ್ರಧಾನಿಯಾದ ದಿನವೇ ಹಣಕಾಸು ಖಾತೆ ಪಡೆದ ಕ್ವಾರ್ಟೆಂಗ್, ಆ ಹುದ್ದೆಗೇರಿದ ಮೊದಲ ಕಪ್ಪುವರ್ಣೀಯ. ಅಧಿಕಾರಕ್ಕೆ ಬಂದ ಎರಡೇ ದಿನಗಳಲ್ಲಿ ಇಲಾಖೆಯ ಅತ್ಯಂತ ಹಿರಿಯ ಅಧಿಕಾರಿ ಟಾಮ್ ಸ್ಕಾಲರ್ ಅವರನ್ನು ತೆಗೆದುಹಾಕಿದರು. ಅದೂ ಸದನದ ಹೊರಗೇ. ಸೆಪ್ಟೆಂಬರ್ 8ರಂದು ರಾಣಿ ಎಲಿಜಬೆತ್ ನಿಧನರಾದರು. ಶ್ರದ್ಧಾಂಜಲಿಯ ಕಲಾಪದ ನಂತರ ಸದನ ಶೋಕಾಚರಣೆಗಾಗಿ ಮುಂದೂಡಲ್ಪಟ್ಟಿತು.

ಹೀಗೆ ನಾವು ತಲುಪುವುದು ಸೆಪ್ಟೆಂಬರ್ 23ರ ಶುಕ್ರವಾರದ ಪುಟಕ್ಕೆ. ಜನರ ಬಾಯಲ್ಲಿ ಅದು 'ಮಿನಿ ಬಜೆಟ್'; ಕಡತದ ತಲೆಬರಹದಲ್ಲಿ ಅದು ಬೆಳವಣಿಗೆಯ ಯೋಜನೆ. ಬಜೆಟ್ ಎಂದು ಕರೆಯದಿರುವುದಕ್ಕೆ ಕಾರಣವಿತ್ತು. ಬಜೆಟ್ ಆಗಿದ್ದರೆ ಬಜೆಟ್ ಜವಾಬ್ದಾರಿ ಕಚೇರಿ ಎಂಬ ಸ್ವತಂತ್ರ ಸಂಸ್ಥೆಯ ಮುನ್ನಂದಾಜು ಅದರ ಜೊತೆಗೆ ಬರಬೇಕಿತ್ತು. ಈ ಹೇಳಿಕೆಯ ಜೊತೆಗೆ ಅದು ಬರಲಿಲ್ಲ. ಭಾಷಣದೊಳಗಿನ ಪಟ್ಟಿ ದೊಡ್ಡದು: ವರ್ಷಕ್ಕೆ 1,50,000 ಪೌಂಡ್‌ಗಿಂತ ಹೆಚ್ಚಿನ ಆದಾಯದ ಮೇಲಿದ್ದ 45 ಶೇಕಡಾ ತೆರಿಗೆ ದರ ರದ್ದು, ಮೂಲ ದರ 20ರಿಂದ 19 ಶೇಕಡಾಕ್ಕೆ ಇಳಿಕೆ, ಸುನಕ್ ಹಣಕಾಸು ಸಚಿವರಾಗಿದ್ದಾಗ ಏರಿಸಿದ್ದ ರಾಷ್ಟ್ರೀಯ ವಿಮೆಯ (ದುಡಿಮೆಯ ಆದಾಯದ ಮೇಲಿನ ವಂತಿಗೆ) 1.25 ಶೇಕಡಾವಾರು ಅಂಶ ವಾಪಸು. ಕಂಪನಿ ತೆರಿಗೆಯನ್ನು 19ರಿಂದ 25ಕ್ಕೆ ಏರಿಸುವ ನಿರ್ಧಾರ ಕೈಬಿಟ್ಟದ್ದು. ಮನೆ ಖರೀದಿಯ ಮುದ್ರಾಂಕ ಶುಲ್ಕದ ವಿನಾಯಿತಿ ಮಿತಿ 2,50,000 ಪೌಂಡ್‌ಗೆ. ಬ್ಯಾಂಕ್ ಅಧಿಕಾರಿಗಳ ಬೋನಸ್ ಮೇಲಿನ ಮಿತಿ ರದ್ದು. ತೆರಿಗೆ ಕಡಿತದ ಒಟ್ಟು ಮೊತ್ತ 45 ಶತಕೋಟಿ ಪೌಂಡ್, ಇಂಧನ ಬೆಲೆ ನೆರವಿಗೆ ಮೊದಲ ಆರು ತಿಂಗಳಿಗೆ ಇನ್ನೂ 60 ಶತಕೋಟಿ. ಎಲ್ಲವೂ ಸಾಲದ ಮೇಲೆ.

ಈ ಪುಟವನ್ನು ಓದುವವರು ಸಚಿವರ ಭಾಷಣದಲ್ಲೇ ನಿಂತುಬಿಡಬಾರದು. ವಿರೋಧ ಪಕ್ಷದ ಪರವಾಗಿ ಉತ್ತರಿಸಿದ ರೇಚಲ್ ರೀವ್ಸ್ ಅವರು ಇದು ಹನ್ನೆರಡು ವರ್ಷಗಳ ಆರ್ಥಿಕ ವೈಫಲ್ಯವನ್ನು ಸರ್ಕಾರವೇ ಒಪ್ಪಿಕೊಂಡಂತೆ ಎಂದದ್ದು ನಿರೀಕ್ಷಿತ. ವಿರೋಧ ಪಕ್ಷದವರು ಇನ್ನೇನು ಹೇಳಿಯಾರು? ಕಣ್ಣಿಟ್ಟು ಓದಬೇಕಾದದ್ದು ಆಡಳಿತ ಪಕ್ಷದವರೇ ಆಗಿದ್ದ, ಸದನದ ಹಣಕಾಸು ಸಮಿತಿಯ ಅಧ್ಯಕ್ಷ ಮೆಲ್ ಸ್ಟ್ರೈಡ್ ಅವರ ಮಾತನ್ನು. ಈ ಘೋಷಣೆಗಳ ನಡುವೆ ದೊಡ್ಡದೊಂದು ಶೂನ್ಯವಿದೆ, ಸ್ವತಂತ್ರ ಮುನ್ನಂದಾಜು ಇಲ್ಲದಿರುವುದೇ ಆ ಶೂನ್ಯ ಎಂಬರ್ಥದ ಅವರ ಮಾತು ಪುಟದಲ್ಲಿ ಹೆಚ್ಚು ಜಾಗ ಹಿಡಿದಿಲ್ಲ. ಮುಂದಿನ ಮೂರು ವಾರಗಳಲ್ಲಿ ಮಾರುಕಟ್ಟೆ ಕೇಳಿದ್ದು ಮಾತ್ರ ಇದೇ ಪ್ರಶ್ನೆಯನ್ನು. ಸಚಿವರ ಉತ್ತರದಲ್ಲಿ, ಮುನ್ನಂದಾಜು ಮುಂದೆ ಬರಲಿದೆ ಎಂಬ ಭರವಸೆಗಿಂತ ಹೆಚ್ಚಿನದೇನೂ ಸಿಗುವುದಿಲ್ಲ. ಕೂಗಾಟವಾದ ಕಡೆಗಳಲ್ಲಿ ವರದಿಗಾರರು ಚೌಕಾವರಣದೊಳಗೆ 'ಅಡಚಣೆ' ಎಂಬರ್ಥದ ಒಂದೇ ಪದ ಹಾಕಿ ಮುಂದೆ ಸಾಗುವ ಪದ್ಧತಿ ಈ ಸೇವೆಯದು. ಯಾರು ಕೂಗಿದರು, ಯಾವ ಬೆಂಚಿನ ಮುಖಗಳು ಬಾಡಿದವು ಎಂಬುದಕ್ಕೆ ಸಂಸತ್ತಿನ ದೃಶ್ಯ ಸಂಗ್ರಹವನ್ನೇ ತೆರೆಯಬೇಕು, ಅದು ಬೇರೆ ಜಾಲತಾಣ.

ಅಲ್ಲಿಂದ ಮುಂದೆ ಹ್ಯಾನ್ಸಾರ್ಡ್ ಇದ್ದಕ್ಕಿದ್ದಂತೆ ಮೌನವಾಗುತ್ತದೆ. ಪಕ್ಷಗಳ ವಾರ್ಷಿಕ ಸಮ್ಮೇಳನಗಳಿಗಾಗಿ ಸದನ ಆ ಶುಕ್ರವಾರವೇ ರಜೆಗೆ ಹೋಗಿ ಅಕ್ಟೋಬರ್ 11ರಂದು ಮರಳಿತು. ಈ ಎರಡೂವರೆ ವಾರಗಳಲ್ಲಿ ನಡೆದದ್ದೇ ಕ್ವಾರ್ಟೆಂಗ್ ಅವರ ಹಣಕಾಸು ಸಚಿವಗಿರಿಯ ನಿಜವಾದ ಕಥೆ, ಮತ್ತು ಅದರಲ್ಲಿ ಒಂದು ಸಾಲೂ ನಡಾವಳಿಯಲ್ಲಿ ಇಲ್ಲ. ವಾರಾಂತ್ಯದ ಟಿ.ವಿ. ಸಂದರ್ಶನದಲ್ಲಿ ಅವರು ಇನ್ನಷ್ಟು ತೆರಿಗೆ ಕಡಿತಗಳು ಬರಲಿವೆ ಎಂಬ ಸೂಚನೆ ಕೊಟ್ಟರು. ಸೆಪ್ಟೆಂಬರ್ 26ರ ಸೋಮವಾರ ಏಷ್ಯಾದ ಮಾರುಕಟ್ಟೆಗಳು ತೆರೆಯುತ್ತಿದ್ದಂತೆ ಪೌಂಡ್ ಡಾಲರ್ ಎದುರು 1.04ಕ್ಕಿಂತ ಕೆಳಗೆ, ಅದುವರೆಗಿನ ದಾಖಲೆಯ ಕನಿಷ್ಠ ಮಟ್ಟಕ್ಕೆ ಕುಸಿಯಿತು. ಮರುದಿನ ಅಂತರರಾಷ್ಟ್ರೀಯ ಹಣಕಾಸು ನಿಧಿ, ಇಷ್ಟು ದೊಡ್ಡ, ಗುರಿಯಿಲ್ಲದ ಕೊಡುಗೆಗಳು ಸಲ್ಲವೆಂದು ಬಹಿರಂಗವಾಗಿ ಹೇಳಿತು; ಬಡ ರಾಷ್ಟ್ರಗಳಿಗೆ ಆ ಸಂಸ್ಥೆ ಬುದ್ಧಿ ಹೇಳುವುದನ್ನು ನಾವು ಕೇಳಿದ್ದೇವೆ, ಬ್ರಿಟನ್ನಿಗೆ ಹೇಳುವುದು ಅಪರೂಪ.

ಕರೆನ್ಸಿಗಿಂತ ಗಂಭೀರ ಪೆಟ್ಟು ಬಿದ್ದದ್ದು ಸರ್ಕಾರಿ ಸಾಲಪತ್ರಗಳಿಗೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಸಚಿವರ ಹುದ್ದೆ ಹೋದದ್ದು ಇಲ್ಲಿ. ಬ್ರಿಟನ್ನಿನ ಅನೇಕ ಪಿಂಚಣಿ ನಿಧಿಗಳು ದಶಕಗಳ ನಂತರ ಕೊಡಬೇಕಾದ ಪಿಂಚಣಿಗೆ ಹೊಂದುವಂತೆ ದೀರ್ಘಾವಧಿ ಸಾಲಪತ್ರಗಳನ್ನು ಇಟ್ಟುಕೊಂಡಿದ್ದವು, ಅವುಗಳನ್ನೇ ಒತ್ತೆಯಿಟ್ಟು ಮತ್ತಷ್ಟು ಸಾಲ ಎತ್ತಿದ್ದವು. ಸಾಲಪತ್ರದ ಬೆಲೆ ಕುಸಿದೊಡನೆ ಸಾಲ ಕೊಟ್ಟವರು ಹೆಚ್ಚಿನ ಒತ್ತೆ ಕೇಳಿದರು. ನಗದಿಗಾಗಿ ನಿಧಿಗಳು ಅದೇ ಸಾಲಪತ್ರಗಳನ್ನು ಮಾರತೊಡಗಿದವು. ಮಾರಿದಷ್ಟೂ ಬೆಲೆ ಇನ್ನೂ ಬಿತ್ತು, ಒತ್ತೆಯ ಬೇಡಿಕೆ ಇನ್ನೂ ಏರಿತು. 30 ವರ್ಷಗಳ ಸಾಲಪತ್ರದ ಪ್ರತಿಫಲ (ಬೆಲೆ ಬಿದ್ದಷ್ಟೂ ಇದು ಏರುತ್ತದೆ) 5 ಶೇಕಡಾ ದಾಟಿದ ಸೆಪ್ಟೆಂಬರ್ 28ರಂದು ಬ್ಯಾಂಕ್ ಆಫ್ ಇಂಗ್ಲೆಂಡ್ ಮಧ್ಯೆ ಪ್ರವೇಶಿಸಿ, ಒಟ್ಟು 65 ಶತಕೋಟಿ ಪೌಂಡ್‌ವರೆಗೆ ಸಾಲಪತ್ರ ಕೊಳ್ಳಲು ಸಿದ್ಧವೆಂದು ಸಾರಿತು. ಕೊನೆಗೆ ಕೊಂಡದ್ದು 19.3 ಶತಕೋಟಿಯದು. ಹಣದುಬ್ಬರ ತಡೆಯಲೆಂದು ವಾರದ ಹಿಂದಷ್ಟೇ, ಸಚಿವರ ಭಾಷಣದ ಮುನ್ನಾದಿನ, ಬಡ್ಡಿದರವನ್ನು 2.25 ಶೇಕಡಾಕ್ಕೆ ಏರಿಸಿದ್ದ ಕೇಂದ್ರ ಬ್ಯಾಂಕು, ಈಗ ಮಾರುಕಟ್ಟೆಗೆ ಹಣ ಸುರಿಯಬೇಕಾಯಿತು. ಬ್ಯಾಂಕುಗಳು ಗೃಹಸಾಲದ ಯೋಜನೆಗಳನ್ನು ರಾತ್ರೋರಾತ್ರಿ ಹಿಂದಕ್ಕೆ ಪಡೆದವು, ಎರಡು ವರ್ಷದ ಸ್ಥಿರ ಬಡ್ಡಿಯ ಸರಾಸರಿ ಅಕ್ಟೋಬರ್ ಮೊದಲ ವಾರದಲ್ಲಿ 6 ಶೇಕಡಾ ದಾಟಿತು.

ಅಕ್ಟೋಬರ್ 3ರಂದು, ಬರ್ಮಿಂಗ್‌ಹ್ಯಾಮ್‌ನಲ್ಲಿ ಪಕ್ಷದ ಸಮ್ಮೇಳನ ನಡೆಯುತ್ತಿರುವಾಗಲೇ, 45 ಶೇಕಡಾ ದರ ರದ್ದತಿಯನ್ನು ಕೈಬಿಟ್ಟುದಾಗಿ ಸಚಿವರು ಟ್ವಿಟರ್‌ನಲ್ಲಿ ಪ್ರಕಟಿಸಿದರು. ಮಧ್ಯಾವಧಿ ಹಣಕಾಸು ಯೋಜನೆಯನ್ನು ನವೆಂಬರ್ 23ರ ಬದಲು ಅಕ್ಟೋಬರ್ 31ಕ್ಕೇ ತರುವುದಾಗಿ ಅಕ್ಟೋಬರ್ 10ರಂದು ತಿಳಿಸಿದ್ದು ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ. 11ರಂದು ಸದನ ಸೇರಿ, ಹಣಕಾಸು ಇಲಾಖೆಯ ಪ್ರಶ್ನೋತ್ತರ ವೇಳೆಯಲ್ಲಿ ಅವರು ಎದ್ದು ನಿಂತದ್ದು ಹ್ಯಾನ್ಸಾರ್ಡ್‌ನಲ್ಲಿದೆ. ಸೆಪ್ಟೆಂಬರ್ 23ರ ಪುಟದ ಪಕ್ಕಕ್ಕೆ ಇದನ್ನಿಟ್ಟು ಓದಿದರೆ ಧ್ವನಿಯ ವ್ಯತ್ಯಾಸ ಗೊತ್ತಾಗುತ್ತದೆ: ಅಲ್ಲಿ ಹೊಸ ಯುಗದ ಘೋಷಣೆ, ಇಲ್ಲಿ ಜಾಗತಿಕ ಪರಿಸ್ಥಿತಿಯ ಮೊರೆ. ಆಮೇಲೆ ಅವರು ಹಣಕಾಸು ನಿಧಿಯ ಸಭೆಗೆಂದು ವಾಷಿಂಗ್ಟನ್ನಿಗೆ ಹೋದರು, ಸಭೆ ಮುಗಿಯುವ ಮೊದಲೇ ರಾತ್ರಿ ವಿಮಾನದಲ್ಲಿ ಹಿಂದಿರುಗಿದರು, 14ರ ಶುಕ್ರವಾರ ಹುದ್ದೆ ಕಳೆದುಕೊಂಡರು. ತಾವು ಬದಿಗೆ ಸರಿಯುವಂತೆ ಪ್ರಧಾನಿ ಕೇಳಿದ್ದಾರೆ, ಒಪ್ಪಿದ್ದೇನೆ ಎಂಬ ಅವರ ಪತ್ರ ಬೆಳಕು ಕಂಡದ್ದೂ ಟ್ವಿಟರ್‌ನಲ್ಲೇ. ಸೋಮವಾರ 17ರ ಪುಟ ತೆರೆದರೆ ಹಣಕಾಸು ಸಚಿವರ ಹೆಸರಿನ ಜಾಗದಲ್ಲಿ ಜೆರೆಮಿ ಹಂಟ್ ಇದ್ದಾರೆ, ಬೆಳವಣಿಗೆ ಯೋಜನೆಯ ಬಹುಪಾಲನ್ನು ಹಿಂದಕ್ಕೆ ಪಡೆಯುತ್ತಿದ್ದಾರೆ. ಅದೇ ದಿನ ಪ್ರಧಾನಿಯ ಪರವಾಗಿ ಉತ್ತರಿಸಿದ ಪೆನಿ ಮೊರ್ಡಂಟ್, ಪ್ರಧಾನಿ ಮೇಜಿನ ಕೆಳಗೆ ಅಡಗಿ ಕುಳಿತಿಲ್ಲ ಎಂದು ಸದನಕ್ಕೆ ಸ್ಪಷ್ಟನೆ ಕೊಡಬೇಕಾಗಿ ಬಂದದ್ದೂ ಅಧಿಕೃತ ವರದಿಯ ಭಾಗವಾಗಿ ಉಳಿದಿದೆ.

ಇಷ್ಟು ದೊಡ್ಡ ಖಾಲಿ ಜಾಗವನ್ನು ಸೇವೆಯ ದೋಷವೆನ್ನಬೇಕೆ? ನನಗೆ ಹಾಗನ್ನಿಸುವುದಿಲ್ಲ. ಸದನದಲ್ಲಿ ಆಡಿದ್ದನ್ನು ಮಾತ್ರ ಕೊಡುವುದು ಅದರ ಕರಾರು. ಆ ಖಾಲಿ ಜಾಗವೇ ಓದುಗನಿಗೆ ಸಿಗುವ ಅತ್ಯಂತ ಬೆಲೆಯುಳ್ಳ ಮಾಹಿತಿ: ಒಂದು ದೇಶದ ತೆರಿಗೆ ನೀತಿ ಮೂರು ವಾರಗಳಲ್ಲಿ ಎರಡು ಸಲ ಮಗುಚಿ ಬಿದ್ದಾಗ, ಆ ನೀತಿಗೆ ಒಪ್ಪಿಗೆ ಕೊಡಬೇಕಾದ ಸದನ ಬಹುಪಾಲು ಬಾಗಿಲು ಹಾಕಿಕೊಂಡಿತ್ತು. ಪತ್ರಿಕೆಗಳನ್ನು ಓದಿದವರಿಗೆ ಇದು ತಕ್ಷಣ ಹೊಳೆಯದು; ಅಲ್ಲಿ ಪ್ರತಿದಿನವೂ ಸುದ್ದಿಯಿತ್ತು.

ನಮ್ಮ ದೇಶದ ಒಂದು ಹೋಲಿಕೆ ಇಲ್ಲಿ ತಾನಾಗಿ ನೆನಪಾಗುತ್ತದೆ. 1979ರ ಜುಲೈ 28ರಂದು ಚರಣ್ ಸಿಂಗ್ ಅವರ ಸಂಪುಟದಲ್ಲಿ ಹಣಕಾಸು ಸಚಿವರಾದ ಹೇಮವತಿ ನಂದನ ಬಹುಗುಣ ಅಕ್ಟೋಬರ್‌ವರೆಗೆ ಮಾತ್ರ ಆ ಖಾತೆಯಲ್ಲಿದ್ದರು. ಉತ್ತರ ಪ್ರದೇಶದ ಮುಖ್ಯಮಂತ್ರಿಯಾಗಿ, ಜನತಾ ಸರ್ಕಾರದ ಪೆಟ್ರೋಲಿಯಂ ಸಚಿವರಾಗಿ ಪಳಗಿದವರು. ಆದರೆ ಆಗಸ್ಟ್ 20ರಂದು ಕಾಂಗ್ರೆಸ್ ಐ ಬೆಂಬಲ ಹಿಂತೆಗೆದು, ಚರಣ್ ಸಿಂಗ್ ಲೋಕಸಭೆಯನ್ನು ಒಮ್ಮೆಯೂ ಎದುರಿಸದೆ ರಾಜೀನಾಮೆ ಕೊಟ್ಟು, ಎರಡು ದಿನಗಳಲ್ಲಿ ಲೋಕಸಭೆಯೇ ವಿಸರ್ಜನೆಗೊಂಡದ್ದರಿಂದ, ಬಹುಗುಣ ಬಜೆಟ್ ಮಂಡಿಸುವ ಮಾತು ಹಾಗಿರಲಿ, ಹಣಕಾಸು ಸಚಿವರಾಗಿ ಲೋಕಸಭೆಯಲ್ಲಿ ಬಾಯಿ ತೆರೆಯುವ ಸಂದರ್ಭವೂ ಒದಗಲಿಲ್ಲ. ಕ್ವಾರ್ಟೆಂಗ್ ಅವರಿಗೆ ಕನಿಷ್ಠ ಒಂದು ದೊಡ್ಡ ಶುಕ್ರವಾರ ಸಿಕ್ಕಿತು. ನಮ್ಮ ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಸಂವಿಧಾನ ಸಭೆಯ ಕಾಲದಿಂದ ನಡಾವಳಿಗಳು ಉಚಿತವಾಗಿ ದೊರೆಯುತ್ತವೆ, ಅದಕ್ಕೆ ಕೃತಜ್ಞತೆ ಸಲ್ಲಲೇಬೇಕು. ಆದರೆ ಹಳೆಯ ಸಂಪುಟಗಳು ಸ್ಕ್ಯಾನ್ ಮಾಡಿದ ಪುಟಗಳ ಕಡತಗಳು. ಒಬ್ಬ ಸದಸ್ಯರು ಆಡಿದ ಒಂದು ಮಾತಿಗೆ ನೇರ ಕೊಂಡಿ ಕೊಡುವ ಸೌಕರ್ಯದಲ್ಲಿ ಹ್ಯಾನ್ಸಾರ್ಡ್ ಬಹಳ ಮುಂದಿದೆ.

ಹಾಗೆಂದು ಹ್ಯಾನ್ಸಾರ್ಡ್‌ಗೆ ಪೂರ್ಣಾಂಕ ಕೊಡಲಾರೆ. 2014ರಿಂದೀಚೆಗೆ ಲಿಖಿತ ಪ್ರಶ್ನೋತ್ತರಗಳು ಬೇರೊಂದು ದತ್ತಸಂಚಯಕ್ಕೆ ಹೋಗಿವೆ. ಇಲಾಖೆಗಳ ಕೆಲಸವನ್ನು ಪರಿಶೀಲಿಸುವ ಆಯ್ದ ಸಮಿತಿಗಳ ವಿಚಾರಣೆಯ ವರದಿ ಮತ್ತು ಪತ್ರವ್ಯವಹಾರ ಸಮಿತಿಗಳ ಪುಟದಲ್ಲಿವೆ. ಸಚಿವರ ನೇಮಕದ ದಿನಾಂಕಗಳು ಸದಸ್ಯರ ಪರಿಚಯದ ಪುಟದಲ್ಲಿವೆ. ಒಬ್ಬ ಹಣಕಾಸು ಸಚಿವರನ್ನು ನಿಜವಾಗಿ ಕಟ್ಟಿಹಾಕುವ ಪ್ರಶ್ನೆಗಳು ಕೇಳಿಬರುವುದು ಸಮಿತಿಯ ಮೇಜಿನಲ್ಲೇ, ಅದೇ ಇಲ್ಲಿ ಇಲ್ಲ. ಎಲ್ಲವೂ ಒಂದೇ ಸಂಸತ್ತಿನ ಆಸ್ತಿಯಾಗಿರುವಾಗ, ಸೆಪ್ಟೆಂಬರ್ 23ರ ಪುಟದ ಬದಿಯಲ್ಲಿ ಸಮಿತಿಗೆ ಬರೆದ ಪತ್ರಕ್ಕೊಂದು ಕೊಂಡಿ ಇಟ್ಟಿದ್ದರೆ ಹೊಸ ಓದುಗ ದಾರಿ ತಪ್ಪುತ್ತಿರಲಿಲ್ಲ. ಇನ್ನೊಂದು ಕೊರತೆ ಸಂಖ್ಯೆಗಳದ್ದು. ಸಚಿವರು ಸದನದಲ್ಲಿ ಹೇಳುವ ಅಂಕಿಅಂಶ ಅವರದೇ. ಅದರ ಪಕ್ಕದಲ್ಲಿ ಇಲಾಖೆ ಅಂದೇ ಬಿಡುಗಡೆ ಮಾಡಿದ ಕೋಷ್ಟಕಗಳು ಇರುವುದಿಲ್ಲ. ಭಾಷಣ ಓದಿ ಲೆಕ್ಕ ಅರ್ಥವಾಯಿತು ಎಂದುಕೊಳ್ಳುವವರು ಇದನ್ನು ಗಮನದಲ್ಲಿಡಬೇಕು.

ಬೆಳವಣಿಗೆ ಯೋಜನೆಯಲ್ಲಿ ಉಳಿದದ್ದು ಏನು ಎಂದು ತಿಳಿಯಲು ಅದೇ ವರ್ಷದ ನವೆಂಬರ್ 17ರಂದು ಹಂಟ್ ಕೊಟ್ಟ ಹೇಳಿಕೆಗೆ ಜಿಗಿಯಬಹುದು. ರಾಷ್ಟ್ರೀಯ ವಿಮೆಯ ಇಳಿಕೆ ಉಳಿಯಿತು, ಮುದ್ರಾಂಕ ಶುಲ್ಕದ ವಿನಾಯಿತಿ 2025ರ ಮಾರ್ಚ್‌ವರೆಗಿನ ತಾತ್ಕಾಲಿಕ ಕ್ರಮವಾಯಿತು. ಕಂಪನಿ ತೆರಿಗೆ 25 ಶೇಕಡಾಕ್ಕೆ ಏರಿಯೇ ಏರಿತು. ರದ್ದಾಗಬೇಕಿದ್ದ 45 ಶೇಕಡಾ ದರ ರದ್ದಾಗದೆ ಉಳಿದದ್ದಷ್ಟೇ ಅಲ್ಲ, ಅದು ಅನ್ವಯವಾಗುವ ಮಿತಿ 1,50,000ದಿಂದ 1,25,140 ಪೌಂಡ್‌ಗೆ ಇಳಿದು ಇನ್ನಷ್ಟು ಜನ ಅದರ ವ್ಯಾಪ್ತಿಗೆ ಬಂದರು. ಶ್ರೀಮಂತರ ತೆರಿಗೆ ಇಳಿಸಲು ಹೊರಟ ಯೋಜನೆಗೆ ಇದಕ್ಕಿಂತ ಕ್ರೂರ ಉತ್ತರವನ್ನು ವಿರೋಧ ಪಕ್ಷವೂ ಬರೆಯುತ್ತಿರಲಿಲ್ಲ.

ಕ್ವಾರ್ಟೆಂಗ್ ಹಿಂದಿನ ಸಾಲಿನಲ್ಲಿ ಕುಳಿತು 2024ರವರೆಗೆ ಸದಸ್ಯರಾಗಿ ಮುಂದುವರಿದರು, ಆ ವರ್ಷದ ಚುನಾವಣೆಗೆ ಸ್ಪರ್ಧಿಸುವುದಿಲ್ಲವೆಂದು ಫೆಬ್ರವರಿಯಲ್ಲೇ ಹೇಳಿದ್ದರು. ಚುನಾವಣೆಯ ನಂತರ ಹಣಕಾಸು ಸಚಿವರಾದ ರೀವ್ಸ್ ಅವರ ಸರ್ಕಾರ ಮೊದಲ ಬೇಸಿಗೆಯಲ್ಲೇ ತಂದ 2024ರ ಬಜೆಟ್ ಜವಾಬ್ದಾರಿ ಕಾಯ್ದೆಯ ಪ್ರಕಾರ, ದೊಡ್ಡ ಮೊತ್ತದ ತೆರಿಗೆ ಅಥವಾ ವೆಚ್ಚದ ತೀರ್ಮಾನಕ್ಕೆ, ಅದನ್ನು ಯಾವ ಹೆಸರಿನಿಂದ ಕರೆದರೂ, ಸ್ವತಂತ್ರ ಮೌಲ್ಯಮಾಪನ ಕಡ್ಡಾಯ. ಸ್ಟ್ರೈಡ್ ಅವರ ಆ ಶುಕ್ರವಾರದ ಪ್ರಶ್ನೆ ಶಾಸನವಾಗಿ ಬಂದ ಬಗೆಯನ್ನು ತಿಳಿಯಬೇಕೆಂದರೆ ಈ ಮಸೂದೆಯ ಚರ್ಚೆಯನ್ನೂ 2022ರ ಸೆಪ್ಟೆಂಬರ್ 23ರ ಪುಟವನ್ನೂ ಎರಡು ಕಿಟಕಿಗಳಲ್ಲಿ ತೆರೆದಿಟ್ಟುಕೊಂಡು ಓದಿ. ಜಾಲತಾಣದಲ್ಲಿ ಎರಡಕ್ಕೂ ಶುಲ್ಕವಿಲ್ಲ.